ಕಣ್ಣಿಗೆಂದು ತಂದ ಅರಿಶಿನದ ಗುಳಿಗೆ: ಮೂರು ಬಾಟ್ಲಿ ಮುಗಿಸಿದ ಮೇಲೆ

ನಾನು ಆಲ್ದೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಇಪ್ಪತ್ತಾರು ವರ್ಷದಿಂದ ಹಾಜರಿ ಪುಸ್ತಕ, ಕೊಯ್ಲಿನ ತೂಕದ ಪುಸ್ತಕ ಎರಡೂ ನನ್ನ ಕೈಯಲ್ಲೇ ಇವೆ. ಶುಗರ್ ಬಂದು ಹದಿನಾಲ್ಕು ವರ್ಷ ಆಯ್ತು. ನಮ್ಮ ಲೈನ್ ಮನೆಗಳಲ್ಲೇ ಶುಗರ್ ಇರುವವರು ಐದಾರು ಜನ ಇದ್ದಾರೆ. ಅವರಲ್ಲಿ ಇಬ್ಬರು ನನ್ನ ಮೇಜಿನ ಮೇಲೆ ಈ ಬಾಟ್ಲಿ ನೋಡಿ, ಎಲ್ಲಿ ಸಿಗುತ್ತೆ ಅಂತ ಕೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದೀಪಾವಳಿ ಕಳೆದ ಮೇಲೆ ಚಿಕ್ಕಮಗಳೂರಿಗೆ ಹೋಗಿದ್ದೆ. ವರ್ಷಕ್ಕೊಮ್ಮೆ ಮಾಡಿಸುವ ಕಣ್ಣಿನ ತಪಾಸಣೆ ಬಾಕಿ ಇತ್ತು. ಪೇಟೆಯ ಒಂದು ಅಂಗಡಿಯಲ್ಲಿ ಶುಗರ್ ಮಾತ್ರೆ ತಗೊಳ್ಳುವಾಗ ಈ ಮಾತು ಬಂತು. ಅಂಗಡಿಯವರು ಹಳದಿ ಬಾಟ್ಲಿಯೊಂದನ್ನು ಮುಂದಿಟ್ಟರು. "ರೈಟ್ರೇ, ಇದು ನ್ಯಾಚುರಲ್ಲು. ಅರಿಶಿನ, ಮೆಣಸು. ನಿಮ್ಮ ತೋಟದಲ್ಲಿ ಬೆಳೆಯೋದೇ ತಾನೆ? ಮೂರು ತಿಂಗಳು ತಗೊಂಡು ನೋಡಿ, ಕಣ್ಣಾಸ್ಪತ್ರೆಗೆ ಆಮೇಲೆ ಹೋದ್ರಾಯ್ತು" ಅಂದರು. ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನು ದಿನಾ ನೋಡುವ ನನಗೆ ಆ ಮಾತು ಸರಿಯಾಗಿಯೇ ಕೇಳಿಸಿತು. ಕೊಯ್ಲು ಶುರುವಾಗಿತ್ತು, ರಜೆ ಸಿಗುವುದೂ ಕಷ್ಟ. ತಪಾಸಣೆ ಬಿಟ್ಟು ಬಾಟ್ಲಿ ಹಿಡಿದು ಬಸ್ ಹತ್ತಿದೆ.

ಒಂದು ಬಾಟ್ಲಿಗೆ 895 ರೂಪಾಯಿ. ಅರವತ್ತು ಗುಳಿಗೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಒಂದೊಂದರಲ್ಲೂ ಅರಿಶಿನದ ಸಾರ 500 ಮಿ.ಗ್ರಾಂ., ಮೆಣಸಿನ ಸಾರವಾದ ಪೈಪರಿನ್ 5 ಮಿ.ಗ್ರಾಂ. ಗುಳಿಗೆ ನುಂಗಲು ಸುಲಭ, ತೇಗು ಬಂದರೂ ವಾಸನೆ ಇಲ್ಲ. ಒಂದನ್ನು ಬಿಡಿಸಿ ಅಂಗೈಗೆ ಸುರಿದು ನೋಡಿದೆ. ಅಡುಗೆಮನೆಯ ಅರಿಶಿನದಂತಲ್ಲ, ಕೇಸರಿಗೆ ಹತ್ತಿರದ ಬಣ್ಣ, ಟಾಲ್ಕಂ ಪೌಡರಿಗಿಂತ ನುಣುಪು. ಸೋಪು ಹಾಕಿ ಎರಡು ಸಲ ತೊಳೆದರೂ ಹೆಬ್ಬೆರಳ ಗುರುತು ಹೋಗಲಿಲ್ಲ. ತೂಕದ ಪುಸ್ತಕದ ಒಂದು ಹಾಳೆಯ ಮೂಲೆಯಲ್ಲಿ ಆ ಹಳದಿ ಇನ್ನೂ ಇದೆ.

ಮಾಲು ಕಲಬೆರಕೆ ಅಂತ ನಾನು ಹೇಳುವುದಿಲ್ಲ. ಮಗಳು ಬೆಂಗಳೂರಿನಲ್ಲಿ ಎಂ.ಫಾರ್ಮ್ ಓದುತ್ತಿದ್ದಾಳೆ. ಬಾಟ್ಲಿಯ ಫೋಟೋ ಕಳಿಸಿದಾಗ ಅವಳೇ ಹೇಳಿದ್ದು. ಅರಿಶಿನದಲ್ಲಿರುವ ಕರ್ಕ್ಯುಮಿನ್ ಹಾಗೇ ನುಂಗಿದರೆ ರಕ್ತಕ್ಕೆ ಸೇರುವುದು ತೀರಾ ಕಮ್ಮಿ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿ.ಗ್ರಾಂ. ಪೈಪರಿನ್ ಕೊಟ್ಟು ನೋಡಿದರು. ರಕ್ತಕ್ಕೆ ಸೇರುವ ಪ್ರಮಾಣ ಶೇ. 2000ರಷ್ಟು ಏರಿತು. ನನ್ನ ಬಾಟ್ಲಿಯಲ್ಲೂ ಅರಿಶಿನ, ಮೆಣಸಿನ ಲೆಕ್ಕ ಅದೇ ಹದದಲ್ಲಿತ್ತು. ಅಷ್ಟರ ಮಟ್ಟಿಗೆ ಮಾಡಿದವರು ತಿಳಿದೇ ಮಾಡಿದ್ದಾರೆ.

ಫೆಬ್ರವರಿ. ರೋಬಸ್ಟಾ ಕೊಯ್ಲು. ಸಂಜೆ ಕಣದ ಹತ್ತಿರ ತೂಕ ಬರೆಯುತ್ತಿದ್ದೆ. ಕೊಯ್ಲಿಗೆ ಬರುವ ಒಬ್ಬ ಹೆಂಗಸು ತನ್ನ ಚೀಲ ಇಳಿಸಿ, ಪುಸ್ತಕ ಬಗ್ಗಿ ನೋಡಿದಳು. "ರೈಟ್ರೇ, ನಂದು ನಲವತ್ತೆಂಟು ಕೇಜಿ ಅಲ್ವಾ? ನಲವತ್ಮೂರು ಬರ್ದಿದೀರಲ್ಲ" ಅಂದಳು. ತಕ್ಕಡಿ ನೋಡಿದೆ. ನನಗೆ ಮೂರೇ ಕಾಣುತ್ತಿತ್ತು. ಹುಡುಗ ಹತ್ತಿರ ಹೋಗಿ ಓದಿದ, ನಲವತ್ತೆಂಟೇ. ಐದು ಕೇಜಿ ಕೂಲಿ ಅವಳ ಕೈ ತಪ್ಪುತ್ತಿತ್ತು. ಅವಳು ಕೇಳದೇ ಹೋಗಿದ್ದರೆ? ಅದಕ್ಕೂ ಮುಂಚಿನ ದಿನಗಳಲ್ಲಿ ಕೇಳದೇ ಹೋದವರು ಯಾರಾದರೂ ಇದ್ದರೆ? ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ದೀಪ ಹಾಕಿ ಪುಸ್ತಕ ಬಿಚ್ಚಿದೆ. ಎಡಗಣ್ಣು ಮುಚ್ಚಿದರೆ ಗೆರೆ ನೆಟ್ಟಗಿದೆ. ಬಲಗಣ್ಣು ಮುಚ್ಚಿದರೆ ಅದೇ ಗೆರೆ ನಡುವೆ ಬಾಗುತ್ತದೆ, ಕಲ್ಲು ಅಡ್ಡ ಬಂದ ಕಡೆ ಹಳ್ಳ ಸುತ್ತಿಕೊಂಡು ಹೋಗುವ ಹಾಗೆ. ಎದೆ ಧಸಕ್ಕೆಂದಿತು. ಮೂರನೇ ಬಾಟ್ಲಿಯಲ್ಲಿ ಆಗ ನಾಲ್ಕು ಗುಳಿಗೆ ಉಳಿದಿತ್ತು.

ಎರಡು ದಿನ ಬಿಟ್ಟು ಕಣ್ಣಾಸ್ಪತ್ರೆಗೆ ಹೋದೆ. ಕಣ್ಣಿನ ಪಾಪೆ ದೊಡ್ಡದಾಗಲು ಡ್ರಾಪ್ಸ್ ಹಾಕಿ ಕೂರಿಸಿದರು. ಆಮೇಲೆ ಓಸಿಟಿ ಅನ್ನುವ ಸ್ಕ್ಯಾನ್. ಡಾಕ್ಟ್ರು ಪರದೆ ತಿರುಗಿಸಿ ನನಗೂ ತೋರಿಸಿದರು. ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ಪದರಗಳು ಕಾಣುತ್ತವೆ. ನಡುವೆ ತಗ್ಗು ಇರಬೇಕಾದ ಜಾಗ ಉಬ್ಬಿತ್ತು, ಒಳಗೆ ಕಪ್ಪು ಗುಳ್ಳೆಗಳು. ಅದು ನೀರು. ಶುಗರ್ ಜಾಸ್ತಿ ಇದ್ದರೆ ರೆಟಿನಾದ ಸಣ್ಣ ರಕ್ತನಾಳಗಳಲ್ಲಿ ಉರಿಯೂತ ಶುರುವಾಗುತ್ತದಂತೆ. ಬಿಳಿ ರಕ್ತಕಣಗಳು ನಾಳದ ಗೋಡೆಗೆ ಅಂಟಿಕೊಳ್ಳುತ್ತವೆ, ಗೋಡೆ ಸಡಿಲವಾಗುತ್ತದೆ, ನೀರು, ಕೊಬ್ಬು ಸೋರುತ್ತದೆ. ರಕ್ತ ಸಾಲದೆ ಸೊರಗಿದ ಜಾಗ ವಿಇಜಿಎಫ್ ಎಂಬ ಪ್ರೋಟೀನನ್ನು ಜಾಸ್ತಿ ಬಿಡುತ್ತದೆ. ಅದರಿಂದ ಸೋರಿಕೆ ಇನ್ನೂ ಹೆಚ್ಚುತ್ತದೆ. ನೋವಿಲ್ಲ, ಕೆಂಪಿಲ್ಲ. ಹಾಗಾಗಿಯೇ ನನಗೆ ಗೊತ್ತಾಗಿರಲಿಲ್ಲ.

ಬಾಟ್ಲಿ ಜೇಬಿನಲ್ಲೇ ಇತ್ತು, ತೆಗೆದು ಇಟ್ಟೆ. ಅವರು ಬೈಯಲಿಲ್ಲ. "ಅರಿಶಿನದಿಂದ ಉರಿಯೂತ ತಗ್ಗಿಸಬೇಕು ಅನ್ನೋ ಯೋಚನೆ ಸರೀನೇ ಇದೆ ರೈಟ್ರೇ. ನಾವು ಕೆಲವರಿಗೆ ಕಣ್ಣಿನೊಳಗೇ ಸ್ಟಿರಾಯ್ಡ್ ಕೊಡ್ತೀವಿ, ಅದೂ ಉರಿಯೂತಕ್ಕೇ. ಆದ್ರೆ ಬಾಯಲ್ಲಿ ನುಂಗಿದ್ದು ರೆಟಿನಾಗೆ ಬೇಕಾದಷ್ಟು ಹೋಗಿ ಮುಟ್ಟಬೇಕಲ್ಲ" ಅಂದರು.

ಮಗಳು ಇದರ ಹಿಂದೆ ಬಿದ್ದು ಓದಿದಳು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಶುಗರ್ ಬರಿಸಿದ ಇಲಿಗಳಿಗೆ ಅರಿಶಿನ ತಿನ್ನಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಶುಗರ್ ಇಳಿಯಲಿಲ್ಲ, ಆದರೆ ಕಣ್ಣಿನ ಪೊರೆ ಬೆಳೆಯುವುದು ನಿಧಾನವಾಯಿತು. ಇಲಿಯ ರೆಟಿನಾದಲ್ಲಿ ವಿಇಜಿಎಫ್ ಏರುವುದನ್ನು ಕರ್ಕ್ಯುಮಿನ್ ತಡೆದದ್ದನ್ನೂ ಅವರು ಕಂಡಿದ್ದಾರೆ. ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್, ಈರುಳ್ಳಿಯ ಕ್ವೆರ್ಸೆಟಿನ್, ನಮ್ಮ ಹಸಿ ಕಾಫಿ ಬೀಜದ ಕ್ಲೋರೋಜೆನಿಕ್ ಆಮ್ಲ, ಇವೆಲ್ಲದರ ಮೇಲೂ ಇಂಥ ಕೆಲಸ ನಡೆದಿದೆ. (ಕಾಫಿ ಹುರಿದಷ್ಟೂ ಆ ಆಮ್ಲ ಕಮ್ಮಿಯಾಗುತ್ತದೆ. ದಿನಕ್ಕೆ ನಾಲ್ಕು ಲೋಟ ಕುಡಿದರೆ ಕಣ್ಣಿಗೆ ಒಳ್ಳೇದು ಅಂತ ಯಾರೂ ಹೊರಡಬೇಡಿ.) ಇದು ಸುಮ್ನೆ ಬಿಟ್ಟ ಕಥೆಯಲ್ಲ, ನಿಜವಾದ ವಿಜ್ಞಾನ. ಮುಂದೆ ಇದರಿಂದ ಒಳ್ಳೆಯ ಔಷಧಿ ಬಂದರೆ ನನಗಿಂತ ಖುಷಿ ಪಡುವವರು ಯಾರೂ ಇರಲಾರರು.

ಆದರೆ ಇಲಿಯಿಂದ ನನ್ನ ಕಣ್ಣಿಗೆ ದಾರಿ ದೂರ. ಮಗಳು ಹೇಳಿದ ಆಸ್ಪಿರಿನ್ ಕಥೆ ನನ್ನ ಮನಸ್ಸಿನಲ್ಲಿ ಕೂತಿದೆ. ಅದೂ ಉರಿಯೂತ ತಗ್ಗಿಸುವ ಮಾತ್ರೆಯೇ. ಕೀಲುವಾತಕ್ಕೆ ಅಂಥ ಮಾತ್ರೆ ಜಾಸ್ತಿ ತಗೊಳ್ಳುವವರಲ್ಲಿ ಶುಗರಿನ ಕಣ್ಣಿನ ತೊಂದರೆ ಕಮ್ಮಿ ಅಂತ 1960ರ ದಶಕದಲ್ಲೇ ವೈದ್ಯರು ಗಮನಿಸಿದ್ದರು. ಆಸೆ ಹುಟ್ಟಿತು. ಅಮೆರಿಕದಲ್ಲಿ 3,711 ಜನ ರೋಗಿಗಳನ್ನು ಸೇರಿಸಿಕೊಂಡು, ಅರ್ಧ ಜನಕ್ಕೆ ದಿನಾ 650 ಮಿ.ಗ್ರಾಂ. ಆಸ್ಪಿರಿನ್, ಉಳಿದವರಿಗೆ ಔಷಧಿ ಇಲ್ಲದ ಮಾತ್ರೆ ಕೊಟ್ಟು ವರ್ಷಗಟ್ಟಲೆ ನೋಡಿದರು. ರೆಟಿನಾದ ತೊಂದರೆ ಮುಂದುವರಿಯುವುದರಲ್ಲಿ ವ್ಯತ್ಯಾಸವೇ ಇರಲಿಲ್ಲ. ಅಷ್ಟು ದೊಡ್ಡ ಪರೀಕ್ಷೆ ಅರಿಶಿನದ ಗುಳಿಗೆಗೆ ಆಗಿಲ್ಲ.

"ಅರಿಶಿನ ತಾನೆ, ಏನಾಗುತ್ತೆ" ಅನ್ನುವ ಮಾತೂ ಸರಿಯಲ್ಲ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ನೂರಕ್ಕೆ ಮೂರು ಪಾಲು. ಗುಳಿಗೆಯ ಸಾರದಲ್ಲಿ ಹೆಚ್ಚುಪಾಲು ಕರ್ಕ್ಯುಮಿನ್ನೇ, ಹಾಗಾಗಿ ಒಂದು ಗುಳಿಗೆ ಅಂದರೆ ಹೆಚ್ಚುಕಡಿಮೆ ಹದಿನೈದು ಗ್ರಾಂ ಅರಿಶಿನದ ಸತ್ವ. ದಿನಕ್ಕೆ ಎರಡು ಅಂದರೆ ಮೂವತ್ತು ಗ್ರಾಂ. ಸಾರಿಗೆ ಹಾಕುವ ಚಿಟಿಕೆ ಎಲ್ಲಿ, ಇದೆಲ್ಲಿ? ಮೆಣಸಿನ ಸಾರ ಬೇರೆ ಮಾತ್ರೆಗಳನ್ನೂ ರಕ್ತದಲ್ಲಿ ಜಾಸ್ತಿ ಹೊತ್ತು ನಿಲ್ಲಿಸಬಹುದು. ಇಂಥ ಗುಳಿಗೆ ತಗೊಂಡು ಲಿವರ್ ಕೆಟ್ಟ ಪ್ರಕರಣಗಳು, ಅಪರೂಪವಾದರೂ, ಇವೆ. ನಾನು ರಕ್ತ ತೆಳುವಾಗಿಸುವ ಮಾತ್ರೆಯನ್ನೂ ತಗೊಳ್ಳುತ್ತೇನೆ. ಅಂಗಡಿಯಲ್ಲಿ ಅದನ್ನು ಯಾರೂ ಕೇಳಲಿಲ್ಲ. ಡಾಕ್ಟ್ರು ಅವತ್ತೇ ಗುಳಿಗೆ ನಿಲ್ಲಿಸಿ, ಲಿವರ್ ಪರೀಕ್ಷೆಗೆ ಬರೆದರು. ಸದ್ಯ, ಅದು ಸರಿ ಇತ್ತು.

ನನಗೆ ಕೊಟ್ಟಿದ್ದು ವಿಇಜಿಎಫ್ ತಡೆಯುವ ಇಂಜೆಕ್ಷನ್, ಕಣ್ಣಿನೊಳಕ್ಕೆ. ಕೇಳಿದರೇ ಮೈ ಜುಮ್ಮೆನ್ನುತ್ತದೆ, ನಿಜ. ಮರಗಟ್ಟಿಸುವ ಡ್ರಾಪ್ಸ್ ಹಾಕಿದ ಮೇಲೆ ಒತ್ತಿದ ಹಾಗೆ ಆಯಿತು, ಅಷ್ಟೇ. ತಿಂಗಳಿಗೊಂದರಂತೆ ಮೂರು ಆಗಿವೆ. ಉಬ್ಬು ಇಳಿದಿದೆ, ಗೆರೆ ಇನ್ನೂ ಚೂರು ಬಾಗಿದೆ. ಮೂರು ತಿಂಗಳ ಸರಾಸರಿ ಶುಗರ್ 9.1 ಇದ್ದದ್ದು 7.6ಕ್ಕೆ ಬಂದಿದೆ. ಬಿ.ಪಿ. ಮಾತ್ರೆ ಈಗ ಒಂದು ದಿನವೂ ತಪ್ಪಿಸುವುದಿಲ್ಲ. 1998ರಲ್ಲಿ ಬ್ರಿಟನ್ನಿನಿಂದ ಬಂದ ವರದಿಯಲ್ಲಿ, ಬಿ.ಪಿ.ಯನ್ನು ಬಿಗಿಯಾಗಿ ಹಿಡಿದಿಟ್ಟ ಶುಗರ್ ರೋಗಿಗಳಲ್ಲಿ ರೆಟಿನಾದ ತೊಂದರೆ ಮುಂದುವರಿಯುವ ಅಪಾಯ ಶೇ. 34ರಷ್ಟು ಕಡಿಮೆ ಇತ್ತು. ಆ ಮಾತ್ರೆಗೆ ನನಗೆ ಬೀಳುವ ಖರ್ಚು ಈ ಬಾಟ್ಲಿಯ ಹತ್ತನೇ ಒಂದು ಪಾಲೂ ಇಲ್ಲ.

ಬಾಟ್ಲಿಗೆ ಐದರಲ್ಲಿ ಒಂದು ಸ್ಟಾರ್ ಕೊಡುತ್ತೇನೆ. ಅದೂ ಒಳಗಿನ ಮಾಲಿಗೆ. ಕಣ್ಣಿನ ವಿಷಯದಲ್ಲಿ ಅದು ಕೊಟ್ಟ ಭರವಸೆಗೆ ಏನೂ ಇಲ್ಲ.

ಒಂದು ಮಾತು ಇನ್ನೂ ಕುಟುಕುತ್ತಿದೆ. ಬಾಟ್ಲಿಯ ಮುಂಭಾಗದಲ್ಲಿ ದೊಡ್ಡ ಕಣ್ಣಿನ ಚಿತ್ರ, ಶುಗರ್ ಇರುವವರ ಕಣ್ಣಿಗೆ ಅಂತ ದಪ್ಪ ಅಕ್ಷರ. ಹಿಂದೆ, ಹಳದಿ ಬಣ್ಣದ ಮೇಲೆ ಬಿಳಿಯಲ್ಲಿ, ಸಾಸಿವೆಗಿಂತ ಚಿಕ್ಕ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು ಇದೆ. ಔಷಧಿಯಾಗಿ ಬಳಸಲು ಅಲ್ಲ, ಅಂತ. ಮೂರು ತಿಂಗಳು ಆ ಬಾಟ್ಲಿ ನನ್ನ ಮೇಜಿನ ಮೇಲಿತ್ತು. ಆ ಸಾಲನ್ನು ನಾನು ಓದಿರಲಿಲ್ಲ, ನನ್ನ ಕಣ್ಣಿಗೆ ಅದು ಕಾಣುತ್ತಲೂ ಇರಲಿಲ್ಲ. ಮಗಳು ಫೋಟೋ ದೊಡ್ಡದು ಮಾಡಿ ಫೋನಿನಲ್ಲಿ ಓದಿ ಹೇಳಿದಳು. ಕಂಪನಿಯವರು ಇದನ್ನು ಓದಿದರೆ ಕೇಳಿಕೊಳ್ಳುವುದು ಇಷ್ಟೇ: ಆ ಸಾಲನ್ನು ಮುಂದಕ್ಕೆ ತನ್ನಿ, ಕನ್ನಡದಲ್ಲಿ ಹಾಕಿ, ಕಣ್ಣಿನ ಚಿತ್ರದಷ್ಟೇ ದೊಡ್ಡದಾಗಿ.