ಗಿಡದ ಎಲ್‌ಇಡಿ ದೀಪ: ಬೆಳಕಿಗೆ ಪೂರ್ತಿ ಅಂಕ, ಟೈಮರ್‌ಗೆ ಸೊನ್ನೆ

ಮನೆಯೊಳಗೆ ಸೊಪ್ಪು ಬೆಳೆಸಲು ತಂದ ಈ ದೀಪ ನಮ್ಮ ಮನೆಗೆ ಬಂದು ಎರಡು ವರ್ಷದ ಮೇಲಾಯಿತು. ಮೊದಲು ಟೈಮರ್ ವಿಷಯ ಹೇಳಿಬಿಡುತ್ತೇನೆ. ಕರೆಂಟ್ ಒಂದು ಸಲ ಹೋಗಿ ಬಂದರೆ ಸಾಕು, ಇಟ್ಟ ಸಮಯ ಎಲ್ಲಾ ಅಳಿಸಿಹೋಗುತ್ತದೆ. ದೀಪ ಆರಿಯೇ ಇರುತ್ತದೆ, ಮತ್ತೆ ನಾವೇ ಹೋಗಿ ಬಟನ್ ಒತ್ತಬೇಕು. ಬೆಂಗಳೂರಿನಲ್ಲಿ ಮಳೆ ಶುರುವಾದ ಮೇಲೆ ಕರೆಂಟ್ ಎಷ್ಟು ಸಲ ಹೋಗುತ್ತದೆ ಅಂತ ಗೊತ್ತಲ್ವಾ? ಅಪಾರ್ಟ್‌ಮೆಂಟಿನಲ್ಲಿ ಜನರೇಟರ್ ಇದ್ದರೂ ಪ್ರಯೋಜನ ಇಲ್ಲ. ಅದು ಶುರುವಾಗುವಷ್ಟರಲ್ಲಿ ಟೈಮರ್ ಎಲ್ಲಾ ಮರೆತಿರುತ್ತದೆ.

ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದಾಗ ಒಂದು ಟ್ರೇ ಮೆಂತ್ಯ ಹಾಗೇ ಹಾಳಾಯಿತು. ಹೊರಡುವಾಗ ಆಗತಾನೇ ಮೊಳಕೆ ಒಡೆದಿತ್ತು. ಬಂದು ನೋಡಿದರೆ ಸಸಿಗಳೆಲ್ಲ ಬಿಳಚಿಕೊಂಡು, ದಾರದ ಹಾಗೆ ಉದ್ದವಾಗಿ, ಒಂದರ ಮೇಲೊಂದು ಬಿದ್ದಿದ್ದವು. ಕತ್ತಲಲ್ಲಿ ಸಸಿ ಇರುವ ಶಕ್ತಿಯನ್ನೆಲ್ಲ ಎತ್ತರಕ್ಕೇ ಹಾಕುತ್ತದೆ. ಕಂಪನಿಗೆ ಫೋನ್ ಮಾಡಿದರೆ "ಅದು ಇರೋದೇ ಹಾಗೆ ಮೇಡಂ" ಅಂದರು. ಸಿಟ್ಟು ಬಂತು.

ಆದರೂ ದೀಪ ಬಿಸಾಕಲಿಲ್ಲ. ಯಾಕೆಂದರೆ ಬೆಳಕು ಅಷ್ಟು ಚೆನ್ನಾಗಿದೆ. ಬಿಳಿ ಎಲ್‌ಇಡಿಗಳ ನಡುವೆ ಅಲ್ಲಲ್ಲಿ ಕೆಂಪು. ಪೂರ್ತಿ ನೇರಳೆ ಬಣ್ಣದ ದೀಪಗಳೂ ಸಿಗುತ್ತವೆ. ಗಿಡಕ್ಕೆ ಹೆಚ್ಚು ಬೇಕಾದದ್ದು ಕೆಂಪು, ನೀಲಿ ಬೆಳಕೇ, ನಿಜ. ಆದರೆ ಅವೆರಡೇ ಇರುವ ನೇರಳೆ ದೀಪದಲ್ಲಿ ಹಸಿರು ಬೆಳಕು ಇಲ್ಲದ್ದರಿಂದ ಎಲೆ ಕಪ್ಪಗೆ ಕಾಣುತ್ತದೆ. ಎಲೆಯಡಿ ಹೇನು ಕೂತಿದೆಯಾ, ತುದಿ ಹಳದಿಯಾಗಿದೆಯಾ, ಒಂದೂ ತಿಳಿಯುವುದಿಲ್ಲ. ನನಗೆ ಗಿಡ ಗಿಡದ ಹಾಗೇ ಕಾಣಬೇಕು.

ಬೆಳಿಗ್ಗೆ ಕಾಫಿಗೆ ಹಾಲು ಕಾಯಲು ಇಟ್ಟು ಸೀದಾ ಟ್ರೇ ಹತ್ತಿರ ಹೋಗುತ್ತೇನೆ. ದೀಪಕ್ಕೂ ಎಲೆತುದಿಗೂ ನಡುವೆ ಗೇಣು ಇಟ್ಟು ನೋಡುತ್ತೇನೆ. ಸಸಿ ಬೆಳೆದಿದ್ದರೆ ದೀಪವನ್ನು ಅದು ತೂಗುವ ಸರಪಳಿಯ ಒಂದು ಕೊಂಡಿ ಮೇಲಕ್ಕೆ ಏರಿಸುತ್ತೇನೆ. ಆಮೇಲೆ ಅಂಗೈಯನ್ನು ಸಸಿಗಳ ಮೇಲೆ ಹಗುರವಾಗಿ ಆ ಕಡೆ ಈ ಕಡೆ ಸವರುತ್ತೇನೆ. ಮನೆಯೊಳಗೆ ಗಾಳಿ ಆಡುವುದಿಲ್ಲವಲ್ಲ, ಹೀಗೆ ಅಲುಗಾಡಿಸಿದರೆ ಕಾಂಡ ಗಟ್ಟಿಯಾಗುತ್ತದೆ. ಕೈಗೆ ಹಿಡಿಯುವ ಕೊತ್ತಂಬರಿ ಘಮ ಹಾಲು ಉಕ್ಕುವವರೆಗೂ ಇರುತ್ತದೆ. ಇದಕ್ಕೋಸ್ಕರವೇ ಈ ದೀಪ ನನಗೆ ಇಷ್ಟ.

ದುಡ್ಡಿನ ಲೆಕ್ಕ ನೋಡುವವರಿಗೆ ಇದು ಲಾಭವಲ್ಲ. 40 ವಾಟ್ ದೀಪ ದಿನಕ್ಕೆ 12 ಗಂಟೆ ಉರಿದರೆ ತಿಂಗಳಿಗೆ 14 ಯೂನಿಟ್ಟಿನ ಹತ್ತಿರ ಆಗುತ್ತದೆ. ಜೊತೆಗೆ ಕೋಕೋಪೀಟ್ (ಮಣ್ಣಿನ ಬದಲು ಹಾಕುವ ತೆಂಗಿನ ನಾರಿನ ಪುಡಿ), ಬೀಜ. ತರಕಾರಿ ಗಾಡಿಯಲ್ಲಿ ಸೊಪ್ಪು ಇದಕ್ಕಿಂತ ಅಗ್ಗ. ಆದರೆ ಮಳೆಗಾಲದ ಕಟ್ಟು ಬಿಚ್ಚಿದರೆ ಅರ್ಧ ಕೊಳೆತು ಕೆಸರಾಗಿರುತ್ತದೆ. ಅಕ್ಕಿ ರೊಟ್ಟಿ ತಟ್ಟುವ ಹೊತ್ತಿಗೆ ಕತ್ತರಿಸಿ ತಂದ ಎಳೆ ಮೆಂತ್ಯದ ರುಚಿಯೇ ಬೇರೆ. ಟೊಮ್ಯಾಟೊ ಬೆಳೆಯುವ ಆಸೆ ಇದ್ದರೆ ಇದನ್ನು ಕೊಳ್ಳಬೇಡಿ, ಹಣ್ಣು ಬಿಡುವ ಗಿಡಕ್ಕೆ ಇನ್ನೂ ತುಂಬಾ ಜಾಸ್ತಿ ಬೆಳಕು ಬೇಕು.

ಕೊನೆಗೆ ಎಲೆಕ್ಟ್ರಿಷಿಯನ್ ಕರೆಸಿ ವೈರ್ ನಡುವಿನ ಟೈಮರ್ ಡಬ್ಬಿಯನ್ನೇ ತೆಗೆಸಿದೆ. ವಾರಂಟಿ ಅಷ್ಟರಲ್ಲಿ ಮುಗಿದಿತ್ತು. ಈಗ ಪ್ಲಗ್ಗಿಗೆ ಹಾಕುವ, ಚಕ್ರದ ಸುತ್ತಲಿನ ಪುಟ್ಟ ಹಲ್ಲುಗಳನ್ನು ಒತ್ತಿ ಸಮಯ ಇಡುವ ಹಳೇ ಥರದ ಟೈಮರ್ ಇದೆ. ಕರೆಂಟ್ ಹೋದರೆ ಅದು ನಿಲ್ಲುತ್ತದೆ, ಬಂದಾಗ ಅಲ್ಲಿಂದಲೇ ಮುಂದುವರಿಯುತ್ತದೆ. ಸ್ವಲ್ಪ ತಡವಾಗುತ್ತದೆ, ಅಷ್ಟೇ. ಕೊತ್ತಂಬರಿ ಇರುವಾಗ 12 ಗಂಟೆ ದಾಟಿಸುವುದಿಲ್ಲ, ಹಗಲು ಉದ್ದವಾದರೆ ಬೇಗ ಹೂವಿಗೆ ಹೋಗುತ್ತದೆ. ಟೈಮರ್ ಇಲ್ಲದ ಮಾದರಿ ಸಿಕ್ಕರೆ ಅದನ್ನೇ ತೊಗೊಳ್ಳಿ.