ಮೆಷಿನ್ 91.6 ತೋರಿಸಿತು, ಬಳೆಯೊಳಗೆ ಇದ್ದದ್ದು ತಾಮ್ರ

ಪರಿಚಯದವರು ಅಂತ ನಂಬಿ ಅಂಗಡಿಯ ಹೊರಗೆ ಹಳೇ ಚಿನ್ನ ಕೊಳ್ಳುವ ಯೋಚನೆ ಇದ್ದರೆ ಇದನ್ನೊಮ್ಮೆ ಓದಿ. ನಮ್ಮ ಚಿಕ್ಕಪ್ಪ ಮಗಳ ಮದುವೆಗೆಂದು ಹೀಗೇ ಎರಡು ಗಟ್ಟಿ ಬಳೆ ಕೊಂಡರು. ಮಾರಿದವನು ಆಸ್ಪತ್ರೆ ಖರ್ಚಿಗೆ ತುರ್ತಾಗಿ ದುಡ್ಡು ಬೇಕು ಅಂದ, ಬಿಲ್ ಕಳೆದುಹೋಗಿದೆ ಅಂದ. 916 ಮುದ್ರೆ ಇತ್ತು, ಅಂದರೆ ನೂರಕ್ಕೆ 91.6 ಪಾಲು ಚಿನ್ನ, ಇಪ್ಪತ್ತೆರಡು ಕ್ಯಾರೆಟ್. ಆದರೆ ಹಾಲ್‌ಮಾರ್ಕ್ ಮಾಡುವಾಗ ಒಂದೊಂದು ಒಡವೆಗೂ ಬೇರೆ ಬೇರೆಯಾಗಿ ಹಾಕುವ ಆರು ಅಕ್ಷರ-ಅಂಕಿಗಳ ಗುರುತು, ಎಚ್‌ಯುಐಡಿ, ಇರಲಿಲ್ಲ. "ಹಳೇ ಬಳೆ ಅಣ್ಣ, ಆಗೆಲ್ಲಿತ್ತು ಅದು?" ಎಂಬ ಉತ್ತರ ಸಿದ್ಧವಾಗಿತ್ತು. ಎಚ್‌ಯುಐಡಿ ಬಂದದ್ದು 2021ರಲ್ಲಿ, ಹಾಗಾಗಿ ಮಾತು ತೆಗೆದುಹಾಕುವಂತಿರಲಿಲ್ಲ.

ಚಿಕ್ಕಪ್ಪ ಕಣ್ಣು ಮುಚ್ಚಿ ದುಡ್ಡು ಕೊಟ್ಟವರಲ್ಲ. ಚಿನ್ನದಂಗಡಿಗೆ ಒಯ್ದು ಒರೆಗಲ್ಲಿಗೆ ಉಜ್ಜಿಸಿದರು. ಗೆರೆಯ ಮೇಲೆ ಆಸಿಡ್ ಬಿಟ್ಟರೂ ಬಣ್ಣ ಕದಲಲಿಲ್ಲ. ಕ್ಯಾರೆಟ್ ಮೆಷಿನ್ 91.6 ಅಂತ ಚೀಟಿಯನ್ನೇ ಕೊಟ್ಟಿತು.

ಬಣ್ಣ ಬಯಲಾದದ್ದು ಸೊಸೈಟಿಯಲ್ಲಿ ಅಡವಿಡಲು ಹೋದಾಗ. ಸರಾಫರು ಬಳೆಯನ್ನು ಅಂಗೈಯಲ್ಲಿ ಆಡಿಸಿ, "ತೂಕಕ್ಕೆ ಗಾತ್ರ ಜಾಸ್ತಿ ಆಯ್ತಲ್ಲ ಯಜಮಾನ್ರೇ" ಅಂದರು. ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ನೀರಿನ ಬಟ್ಟಲು ಇಟ್ಟು ಸೊನ್ನೆ ಮಾಡಿದರು. ಬಳೆಗೆ ದಾರ ಕಟ್ಟಿ, ತಳಕ್ಕೂ ಅಂಚಿಗೂ ತಾಗದ ಹಾಗೆ ಪೂರ್ತಿ ಮುಳುಗಿಸಿ ಹಿಡಿದರು. ಬಳೆಯ ತೂಕ 24 ಗ್ರಾಂ, ತಕ್ಕಡಿ ತೋರಿಸಿದ್ದು 2.46. ಬಳೆ ಸರಿಸಿದ ನೀರಿನ ತೂಕ ಅದು. 24ನ್ನು ಅದರಿಂದ ಭಾಗಿಸಿದರೆ 9.76, ಅದೇ ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವ ಲೆಕ್ಕ. ಇಪ್ಪತ್ತೆರಡು ಕ್ಯಾರೆಟ್ ಆಗಿದ್ದರೆ 17.5ರಿಂದ 18ರ ಆಸುಪಾಸು ಬರಬೇಕು. ಬರೀ ತಾಮ್ರ 8.96. ಚಿಕ್ಕಪ್ಪನನ್ನು ಕೇಳಿ ಒಳಮೈಗೆ ಅರ ಹಾಕಿದರು: ತೆಳು ಹಳದಿ ಸಿಪ್ಪೆ, ಒಳಗೆಲ್ಲ ಕೆಂಪು.

ಮೆಷಿನ್ ಕೆಟ್ಟಿರಲಿಲ್ಲ. ಅದು ಎಕ್ಸ್-ರೇ ಬಿಟ್ಟು, ಲೋಹದ ಪರಮಾಣುಗಳು ವಾಪಸು ಹೊಮ್ಮಿಸುವ ಕಿರಣವನ್ನು ಓದುತ್ತದೆ. ಆಳದಿಂದ ಬರುವ ಕಿರಣವನ್ನು ಚಿನ್ನವೇ ಹೀರಿಕೊಳ್ಳುವುದರಿಂದ ಕೂದಲೆಳೆಯ ದಪ್ಪದಷ್ಟು ಒಳಗೂ ಅದಕ್ಕೆ ಕಾಣುವುದಿಲ್ಲ. ಒರೆಗಲ್ಲಿಗೆ ಹತ್ತುವುದೂ ಮೇಲಿನ ಪದರವೇ. ಮೋಸಗಾರರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು, ಲೇಪವನ್ನು ಅಷ್ಟಕ್ಕೆ ಸಾಲುವಷ್ಟು ದಪ್ಪ ಕೊಡುತ್ತಾರೆ. ಆಯಸ್ಕಾಂತ ಹಿಡಿಯುವ ವಿಡಿಯೋಗಳನ್ನಂತೂ ಮರೆತುಬಿಡಿ, ತಾಮ್ರಕ್ಕೂ ಆಯಸ್ಕಾಂತ ಅಂಟುವುದಿಲ್ಲ.

ನೀರಿನ ಪರೀಕ್ಷೆ ಎಲ್ಲದಕ್ಕೂ ಆಗುವುದಿಲ್ಲ. ಟೊಳ್ಳಾದ, ಅರಗು ತುಂಬಿದ, ಕಲ್ಲು ಕೂರಿಸಿದ ಒಡವೆ ಅಪ್ಪಟ ಚಿನ್ನದ್ದೇ ಆದರೂ ಲೆಕ್ಕ ತಪ್ಪುತ್ತದೆ. ಚಿನ್ನದ ಬಿಸ್ಕತ್ತಿನೊಳಗೆ ಟಂಗ್‌ಸ್ಟನ್ ಇಟ್ಟಿದ್ದರೆ ನೀರೂ ಮೋಸಹೋಗುತ್ತದೆ, ಎರಡರ ಸಾಂದ್ರತೆಯೂ ಹೆಚ್ಚುಕಮ್ಮಿ 19.3. ಅಲ್ಲಿ ಕತ್ತರಿಸಿಯೇ ನೋಡಬೇಕು, ಇಲ್ಲವೇ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಒಳಗಿನ ಚೂರು ತೆಗೆಸಿ ಸೀಸದೊಂದಿಗೆ ಕರಗಿಸುವ ಫೈರ್ ಅಸ್ಸೇ ಮಾಡಿಸಬೇಕು.

ಪೊಲೀಸ್ ದೂರು ಕೊಟ್ಟಿದ್ದೇವೆ; ಅವನ ಫೋನ್ ಸ್ವಿಚ್ ಆಫ್. ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯಲ್ಲಿ ಬಿಲ್ ಹಾಕಿಸಿ ಕೊಂಡಿದ್ದು, ಶುದ್ಧತೆ ಕಡಿಮೆ ಬಂದರೆ ವ್ಯತ್ಯಾಸದ ಎರಡು ಪಟ್ಟು ಪರಿಹಾರ ಕೇಳಲು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ನಿಯಮವಿದೆ. ಕೈಯಿಂದ ಕೈಗೆ ಕೊಂಡದ್ದಕ್ಕೆ ಅದೂ ಇಲ್ಲ. ದುಡ್ಡು ಎಣಿಸುವ ಮೊದಲೇ ನೀರಲ್ಲಿ ತೂಗಿಸಿ, ಒಳಮೈಗೆ ಅರ ಹಾಕಿಸಿ. "ಬೇಡ, ಡಿಸೈನ್ ಕೆಡುತ್ತೆ" ಅಂದರೆ ಅಲ್ಲಿಂದಲೇ ಎದ್ದು ಬನ್ನಿ.