ಅಕ್ಕತಂಗಿಯರ ಸಹಿ ಇಲ್ಲದ ಮನೆಯನ್ನು ಖರೀದಿಸುವ ಮುನ್ನ

ಬೆಳಗಾವಿಯ ಶಹಾಪುರ, ವಡಗಾವಿ ಭಾಗದ ಹಳೆಯ ಮನೆಗಳು ಮಾರಾಟಕ್ಕೆ ಬಂದಾಗ, ಬಾಡಿಗೆಯ ಆದಾಯಕ್ಕಾಗಿ ಮೊದಲ ಸಲ ಹಣ ಹೂಡುವವರ ಕಣ್ಣು ಅವುಗಳ ಮೇಲೆ ಬೀಳುವುದು ಸಹಜ. ಊರ ಹೊರಗಿನ ಎನ್.ಎ. (ಕೃಷಿಯೇತರ) ಪ್ಲಾಟಿನಂತೆ ಅವು ವರ್ಷಗಟ್ಟಲೆ ಖಾಲಿ ಬಿದ್ದಿರುವುದಿಲ್ಲ. ಖರೀದಿಯಾದ ತಿಂಗಳಿನಿಂದಲೇ ಬಾಡಿಗೆ ಬರುತ್ತದೆ. ಇದೇ ಲೆಕ್ಕದಿಂದ ನಾನು ಮತ್ತು ನನ್ನ ತಮ್ಮ ಕೂಡಿ ಶಹಾಪುರದ ಒಂದು ಮಹಡಿ ಮನೆಯನ್ನು ಮೂವರು ಅಣ್ಣತಮ್ಮಂದಿರಿಂದ ಖರೀದಿಸಿದೆವು. ಈಗ ಆ ಮನೆಯ ಮೇಲೆ ಸಿವಿಲ್ ನ್ಯಾಯಾಲಯದ ತಡೆಯಾಜ್ಞೆ ಇದೆ. ಅದನ್ನು ಮಾರುವಂತಿಲ್ಲ, ಕೆಡವಿ ಕಟ್ಟುವಂತಿಲ್ಲ. ಬ್ಯಾಂಕಿನ ಕಂತನ್ನು ಮಾತ್ರ ಪ್ರತಿ ತಿಂಗಳೂ ತುಂಬಲೇಬೇಕು.

ಕಾಗದಪತ್ರಗಳಲ್ಲಿ ಮೇಲ್ನೋಟಕ್ಕೆ ಯಾವ ಕೊರತೆಯೂ ಇರಲಿಲ್ಲ. ತಂದೆ ತೀರಿಕೊಂಡ ಮೇಲೆ ವಾರಸಾ (ವಾರಸುದಾರರ ಹೆಸರಿಗೆ ಬದಲಾವಣೆ) ಆಗಿ ಸಿಟಿ ಸರ್ವೆ ಕಚೇರಿಯ ಪ್ರಾಪರ್ಟಿ ಕಾರ್ಡಿನಲ್ಲಿ ಮೂವರ ಹೆಸರೂ ದಾಖಲಾಗಿತ್ತು. ಮಹಾನಗರ ಪಾಲಿಕೆಯ ಕರ ತುಂಬಿದ ಪಾವತಿಗಳಿದ್ದವು. ಮೂವತ್ತು ವರ್ಷಗಳ ಇ.ಸಿ.ಯಲ್ಲಿ (ಋಣಭಾರ ಪ್ರಮಾಣಪತ್ರದಲ್ಲಿ) ಸಾಲವಾಗಲಿ ಮಾರಾಟವಾಗಲಿ ಕಾಣಲಿಲ್ಲ. ಬ್ಯಾಂಕಿನ ವಕೀಲರೂ ಒಪ್ಪಿಗೆ ಕೊಟ್ಟರು. ಆ ಕುಟುಂಬಕ್ಕೆ ಇಬ್ಬರು ಹೆಣ್ಣುಮಕ್ಕಳಿದ್ದು, ಅವರನ್ನು ಕೊಲ್ಹಾಪುರ ಮತ್ತು ನಿಪ್ಪಾಣಿಗೆ ಮದುವೆ ಮಾಡಿ ಕೊಟ್ಟಿರುವ ಸಂಗತಿ ಏಜೆಂಟನಿಗೆ ಗೊತ್ತಿತ್ತು. ಕೇಳಿದಾಗ ಅವನು ಹೇಳಿದ್ದು ಇಷ್ಟೇ: "ಅವರದ್ದೇನೂ ತಕರಾರಿಲ್ಲ ಸರ್, ಲಗ್ನದಾಗ ಬಂಗಾರ ಹಾಕಿ ಕೊಟ್ಟಾರ, ಪಾಲು ಮುಗಿದದ." ಮಾರಾಟಗಾರರು ಪಕ್ಕದಲ್ಲೇ ಕುಳಿತು ತಲೆಯಾಡಿಸಿದರು. ಖರೀದಿ ಪತ್ರ ನೋಂದಣಿಯಾಗಿ ಕೆಲವು ತಿಂಗಳು ಕಳೆದ ಮೇಲೆ ಆ ಇಬ್ಬರು ಹೆಣ್ಣುಮಕ್ಕಳು ಹೂಡಿದ ವಾಟ್ನಿ (ಆಸ್ತಿ ವಿಭಜನೆ) ದಾವೆಯ ಸಮನ್ಸ್ ನಮ್ಮ ಕೈ ಸೇರಿತು.

ಮದುವೆಯಲ್ಲಿ ಕೊಟ್ಟ ಬಂಗಾರದಿಂದ ಸ್ಥಿರಾಸ್ತಿಯ ಪಾಲು ತೀರುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ (ಇದು ಜೈನರಿಗೂ ಅನ್ವಯಿಸುತ್ತದೆ) ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ತಿದ್ದುಪಡಿಯು ಮಗಳನ್ನು ಮಗನಂತೆಯೇ ಹುಟ್ಟಿನಿಂದಲೇ ಪಾಲಿನ ಹಕ್ಕುಳ್ಳ ಸಹಭಾಗಿಯನ್ನಾಗಿ ಮಾಡಿತು. ಆ ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದ ಮೂಲಕ ಅಥವಾ ನ್ಯಾಯಾಲಯದ ಡಿಕ್ರಿಯ ಮೂಲಕ ಆದ ವಾಟ್ನಿಗಳಿಗೆ ಧಕ್ಕೆಯಿಲ್ಲ. ಕುಟುಂಬದವರೇ ವಾಸವಿರುವ ಮನೆಯಲ್ಲಿ ಗಂಡುಮಕ್ಕಳು ಪಾಲು ಮಾಡಿಕೊಳ್ಳುವ ತನಕ ಹೆಣ್ಣುಮಕ್ಕಳು ವಾಟ್ನಿ ಕೇಳುವಂತಿಲ್ಲ ಎಂಬ 23ನೆಯ ಕಲಮೊಂದು ಹಿಂದೆ ಇತ್ತು. ಅದನ್ನೂ 2005ರಲ್ಲೇ ತೆಗೆದುಹಾಕಲಾಗಿದೆ. ಊರಿನ ಹಿರಿಯರು ಇಂದಿಗೂ ಹಳೆಯ ಮಾತನ್ನೇ ಹೇಳುವುದಕ್ಕೆ ಬಹುಶಃ ಆ ಕಲಮಿನ ನೆನಪೇ ಕಾರಣ.

ಇದರ ಪರಿಣಾಮವನ್ನು ಅಂಕಿಗಳಲ್ಲೇ ನೋಡಬಹುದು. ತಾಯಿಯೂ ಇಲ್ಲದ ಕುಟುಂಬದಲ್ಲಿ ಮೂವರು ಗಂಡು, ಇಬ್ಬರು ಹೆಣ್ಣು ಎಂದರೆ ಐದು ಪಾಲು. ಮೂವರು ಬರೆದುಕೊಟ್ಟ ಖರೀದಿ ಪತ್ರ ಅವರ ಮೂರು ಪಾಲುಗಳ ಮಟ್ಟಿಗೆ ಮಾತ್ರ ನಿಲ್ಲುತ್ತದೆ. 40 ಲಕ್ಷ ರೂಪಾಯಿ ಪೂರ್ತಿ ಕೊಟ್ಟವನಿಗೆ ದಕ್ಕುವುದು 24 ಲಕ್ಷದ ಹಕ್ಕು. ಅಕ್ಕಪಕ್ಕದ ಮನೆಗಳಿಗೆ ಗೋಡೆ ಹೊಂದಿಸಿ ಕಟ್ಟಿದ ಇಕ್ಕಟ್ಟಾದ ಮನೆಯನ್ನು ಐದು ಭಾಗ ಮಾಡಲು ಸಾಧ್ಯವಿಲ್ಲದ ಕಾರಣ, ನ್ಯಾಯಾಲಯವು ಅದನ್ನು ಮಾರಿ ಹಣ ಹಂಚಲು ಆದೇಶಿಸಬಹುದು. ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವನಿಗೆ ಆ ಕುಟುಂಬದೊಂದಿಗೆ ಜಂಟಿ ಸ್ವಾಧೀನ ಕೇಳುವ ಹಕ್ಕಿಲ್ಲ ಎಂದು ಆಸ್ತಿ ವರ್ಗಾವಣೆ ಕಾಯ್ದೆಯ 44ನೆಯ ಕಲಮು ಹೇಳುತ್ತದೆ. ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಎಂದು ನಗರದಲ್ಲಿ ಶೇ. 5.6 ಮತ್ತು 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿರುವ ನೋಂದಣಿ ಶುಲ್ಕವನ್ನು ಪೂರ್ತಿ ಬೆಲೆಯ ಮೇಲೆಯೇ ಕಟ್ಟಿರುತ್ತೇವೆ ಎಂಬುದು ಬೇರೆ ಮಾತು.

ಇ.ಸಿ.ಯನ್ನು ಜನ ಅತಿಯಾಗಿ ನಂಬುತ್ತಾರೆ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಯಾರ ಸಹಿ ಬೀಳಬೇಕಾಗಿತ್ತೋ ಅವರ ಸುಳಿವು ಅದರಲ್ಲಿ ಸಿಗುವುದಿಲ್ಲ. ಪ್ರಾಪರ್ಟಿ ಕಾರ್ಡಿನಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಒಬ್ಬರ ಪಾಲು ಅಳಿಯುವುದೂ ಇಲ್ಲ. ವಂಶಾವಳಿಯನ್ನು (ಕುಟುಂಬದ ಸದಸ್ಯರ ಪಟ್ಟಿಯನ್ನು) ಕೇಳಲೇಬೇಕು, ಆದರೆ ಅದು ಕುಟುಂಬದವರ ಹೇಳಿಕೆಯ ಮೇಲೆ ತಯಾರಾಗುವುದರಿಂದ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟು ಮಾಡಿಸಿಕೊಂಡು ಬರುವವರೂ ಉಂಟು. ಆದ್ದರಿಂದ ಓಣಿಯ ಹಿರಿಯರನ್ನು ವಿಚಾರಿಸಿರಿ, ಹಳೆಯ ರೇಷನ್ ಕಾರ್ಡ್ ನೋಡಿರಿ. ಮನೆಯ ಹಳೆಯ ಲಗ್ನಪತ್ರಿಕೆ ಸಿಕ್ಕರೆ ಇನ್ನೂ ಒಳ್ಳೆಯದು. ಆಸ್ತಿಯ ಕಾಗದದಲ್ಲಿ ಮರೆತ ಅಕ್ಕ-ಭಾವಂದಿರನ್ನು ಲಗ್ನಪತ್ರಿಕೆಯಲ್ಲಿ ಯಾರೂ ಮರೆಯುವುದಿಲ್ಲ. ಬೆಳಗಾವಿಯಲ್ಲಿ ಮೂಲ ಪತ್ರಗಳು ಮರಾಠಿಯಲ್ಲಿ, ಕೆಲವೊಮ್ಮೆ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿ ಇರುವುದುಂಟು. ಅವನ್ನು ಬಲ್ಲವರಿಂದ ಓದಿಸದೆ, ಆಸ್ತಿ ಅಜ್ಜನದೋ ತಂದೆಯ ಸ್ವಂತ ಗಳಿಕೆಯೋ ತಿಳಿಯುವುದಿಲ್ಲ.

ಎಲ್ಲ ಅಕ್ಕತಂಗಿಯರೂ, ತೀರಿಕೊಂಡವರಿದ್ದರೆ ಅವರ ವಾರಸುದಾರರೂ, ಖರೀದಿ ಪತ್ರಕ್ಕೆ ಮಾರಾಟಗಾರರಾಗಿ ಸಹಿ ಹಾಕಬೇಕು, ಇಲ್ಲವೇ ಮೊದಲೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟಿರಬೇಕು. ಬಾಂಡ್ ಪೇಪರಿನ ಒಪ್ಪಿಗೆ ಸಾಲದು. ನೂರು ರೂಪಾಯಿ ಮತ್ತು ಅದಕ್ಕೂ ಮೇಲಿನ ಮೌಲ್ಯದ ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರಕ್ಕೆ ನೋಂದಣಿ ಕಡ್ಡಾಯ. ಸಂಚಕಾರ (ಮುಂಗಡ) ಕೊಡುವ ಮೊದಲು ಕನ್ನಡ ಮತ್ತು ಮರಾಠಿ, ಎರಡೂ ಪತ್ರಿಕೆಗಳಲ್ಲಿ ಜಾಹೀರು ಪ್ರಕಟಣೆ ಕೊಡಿಸಿರಿ; ಕೊಲ್ಹಾಪುರದ ಹೆಣ್ಣುಮಗಳ ಮನೆಗೆ ಕನ್ನಡ ಪತ್ರಿಕೆ ತಲುಪಲಿಕ್ಕಿಲ್ಲ. ನ್ಯಾಯಾಲಯಗಳ ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರಾಟಗಾರರ ಹೆಸರು ಹಾಕಿ ದಾವೆಗಳನ್ನು ಹುಡುಕಿರಿ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಿತವನ್ನು. ನಿಮ್ಮ ಪರವಾಗಿ ನೋಡಲು ನಿಮ್ಮದೇ ವಕೀಲರು ಬೇಕು.

ಮಾರಾಟಗಾರರ ಮೇಲೆ ನಷ್ಟ ಭರ್ತಿಗೆ ದಾವೆ ಹೂಡುವ ಹಕ್ಕು ನಮಗಿದೆ. ಪತ್ರದಲ್ಲಿ ಆ ಷರತ್ತು ಸ್ಪಷ್ಟವಾಗಿದೆ. ಆದರೆ ಅವರು ಹಣವನ್ನು ಹಂಚಿಕೊಂಡು ಖರ್ಚು ಮಾಡಿಯಾಗಿದೆ. ಏಜೆಂಟ್ ತನ್ನ ದಲಾಲಿ ಪಡೆದು ದೂರ ಸರಿದಿದ್ದಾನೆ. ಸದ್ಯಕ್ಕೆ ನಮ್ಮ ವಕೀಲರು ಆ ಹೆಣ್ಣುಮಕ್ಕಳೊಂದಿಗೇ ನೇರವಾಗಿ ರಾಜಿಯ ಮಾತುಕತೆ ನಡೆಸುತ್ತಿದ್ದು, ಅವರು ತಮ್ಮ ಎರಡು ಪಾಲುಗಳಿಗೆ ಇಂದಿನ ಮಾರುಕಟ್ಟೆ ದರವನ್ನೇ ಕೇಳುತ್ತಿದ್ದಾರೆ.